ಪಲ್ಲಕ್ಕಿ ಹೊತ್ತವರು

ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಪಡುವಣ ಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧ ಇನ್ನೂ ನಡೆಯುತ್ತಲೇ ಇದೆ. ಕೆಂಪಂಗಿಯ ಸೈನಿಕರ ನಡುವೆ ಪಲ್ಲಕ್ಕಿಯಲ್ಲಿ ಗಾಯಗೊಂಡ ಕರ್ನಲ್ ಬೇಲಿ. ಪಾಂಡವಪುರದಿಂದ ಜೊತೆಗೆ ಬಂದಿದ್ದ ಅವ್ವ ಅಲ್ಲೇ ನಿಂತುಬಿಟ್ಟಳು.

"ಆ ಪಲ್ಲಕ್ಕೀನ ಹೊತ್ಕಂಡ್ ಬಂದೋರು ಯಾರಪ್ಪ?"

"ಬೋಯಿಗಳು, ಅವ್ವ."

"ಅದ್ ಗೊತ್ತು. ಯಾವೂರೋರು ಅಂತ ಕೇಳ್ದೆ."

1784ರಲ್ಲಿ ಟಿಪ್ಪು ಕಟ್ಟಿಸಿದ ಈ ತೇಗದ ಬೇಸಿಗೆ ಅರಮನೆಯಲ್ಲಿ, ಅವನು ಮಡಿದ ಮೇಲೆ, ಆರ್ಥರ್ ವೆಲ್ಲೆಸ್ಲಿ ಕೆಲಕಾಲ ವಾಸವಿದ್ದ. ಈಗ ಕೇಂದ್ರ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯ. ಒಳಗೆ ಥಾಮಸ್ ಹಿಕ್ಕಿಯ ಪೆನ್ಸಿಲ್ ಚಿತ್ರಗಳಿವೆ. ಸೊಗಸಾದ ಕೈ, ಒಪ್ಪಲೇಬೇಕು. ಆದರೆ ಸೋತ ಮನೆಯವರ ಮುಖಗಳನ್ನು ಗೆದ್ದವರ ಕಡೆಯವನ ಕಣ್ಣಿಂದಲೇ ನೋಡಬೇಕು. ಗೋಡೆಯ ಕತೆ ಬೇರೆ. ಸುಣ್ಣ ಬಳಿಸಿಕೊಂಡು, ಮಾಸಿ, ಕಡೆಗೆ ಡಾಲ್‌ಹೌಸಿಯ ಕಾಲದಲ್ಲಿ, ಮೂಲಚಿತ್ರವನ್ನು ಕಂಡು ನೆನಪಿಟ್ಟಿದ್ದ ದೇಶೀಯ ಕಲಾವಿದನೊಬ್ಬನಿಂದ ಮತ್ತೆ ಬರೆಸಿದ್ದು ಎನ್ನುತ್ತಾರೆ. ಹಾಗಾದರೆ ನಾವು ನೋಡುವುದು ಯುದ್ಧವನ್ನಷ್ಟೇ ಅಲ್ಲ, ಒಬ್ಬನ ನೆನಪನ್ನೂ.

ನಮ್ಮೂರಿಗೂ ಆ ಕಾಲದ ಗುರುತುಂಟು. ಹಿರೋಡೆಯಾಗಿದ್ದ ಊರಿನ ಬಳಿ ಹೈದರ್-ಟಿಪ್ಪುವಿನ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಅದು 'ಫ್ರೆಂಚ್ ರಾಕ್ಸ್' ಆಯಿತು, ಆಮೇಲೆ ಪಾಂಡವಪುರ. ಬಂದುಹೋದ ಸೈನಿಕರು ಊರಿನ ಹೆಸರಲ್ಲಿ ಉಳಿದರು. ಅವರಿಗೆ ರಾಗಿ, ಹುಲ್ಲು ಒದಗಿಸಿದವರು ಎಲ್ಲೂ ಇಲ್ಲ.

ಇಂಥವರ ಸಾಮಾನುಗಳನ್ನು ಹುಡುಕಿ ಕೂಡಿಟ್ಟವರು ನಮ್ಮ ಜಿಲ್ಲೆಯವರೇ, ನಾಗಮಂಗಲ ತಾಲ್ಲೂಕಿನ ಎಚ್.ಎಲ್. ನಾಗೇಗೌಡರು. ಐ.ಎ.ಎಸ್. ಅಧಿಕಾರಿಯಾಗಿದ್ದವರು 1979ರಲ್ಲಿ ಜಾನಪದ ಪರಿಷತ್ತು ಕಟ್ಟಿದರು. ರಾಮನಗರದ ಬಳಿಯ ಜಾನಪದ ಲೋಕ 1994ರಲ್ಲಿ ತೆರೆಯಿತು. ಹೋದ ವರ್ಷ ಅವ್ವನನ್ನು ಅಲ್ಲಿಗೂ ಕರೆದೊಯ್ದಿದ್ದೆ. ಅಲ್ಲಿ ಅವಳು ನನ್ನನ್ನು ಏನೂ ಕೇಳಲಿಲ್ಲ. ಕೂರಿಗೆ, ಕುಂಟೆ, ಕಣಜದ ಮುಂದೆ ನಿಂತು ಅವಳೇ ಬಳಕೆ ವಿವರಿಸುತ್ತಿದ್ದಳು. ಜೊತೆಗಿದ್ದ ಕಾಲೇಜು ಹುಡುಗಿಯರಿಬ್ಬರು ಬರೆದುಕೊಂಡರು ಕೂಡ.

ಶ್ರೀರಂಗಪಟ್ಟಣದಲ್ಲೋ ಕೃಷ್ಣರಾಜಪೇಟೆಯಲ್ಲೋ ಒಂದು ಹಳೇ ತೊಟ್ಟಿಮನೆ ಸಿಕ್ಕಿ, ಊರಿನವರೇ ಸರದಿಯಲ್ಲಿ ಬಾಗಿಲು ತೆರೆದು ಕೂತು, ಇವನ್ನೆಲ್ಲ ತೋರಿಸಬಾರದೇ? ಬಸ್ಸಿನಲ್ಲಿ ಅವ್ವನಿಗೆ ಹೇಳಿದೆ. ಅವಳು ಕಿಟಕಿಯಾಚೆ ಕಬ್ಬಿನ ಗದ್ದೆ ನೋಡುತ್ತಿದ್ದಳು.

"ಅಟ್ಟದ ಮ್ಯಾಲಿರೋ ಸೇರು, ಪಾವು ಗುಜರಿಗ್ ಹಾಕ್ಬೇಡ ಅಂತ ನಿನ್ ಹೆಂಡ್ತೀಗೆ ಹೇಳು" ಅಂದಳು. "ಸೇರಿನ್ ತಳದಲ್ಲಿ ನಮ್ಮಪ್ಪನ್ ಹೆಸ್ರೈತೆ."