ಬೋಧಕನ ದನಿ ಉಡುಗಿದಾಗ

ಮುಂದೆ ಹೆಸರಾಂತ ಬೋಧಕರಾದ ಭಕ್ತ್ ಸಿಂಗ್ ಹುಟ್ಟಿದ್ದು ಪಂಜಾಬಿನ ಸಿಖ್ ಮನೆಯಲ್ಲಿ. ಶಾಲೆಯ ದಿನಗಳಲ್ಲಿ ಬೈಬಲ್ಲನ್ನು ಹರಿದು, ಚೆಂದದ ರಟ್ಟನ್ನಷ್ಟೇ ಉಳಿಸಿಕೊಂಡಿದ್ದರು. 1929ರಲ್ಲಿ, ಕೆನಡಾದಲ್ಲಿ ಓದುತ್ತಿದ್ದಾಗ, ಅದೇ ಪುಸ್ತಕ ಅವರನ್ನು ಹಿಡಿದು ನಿಲ್ಲಿಸಿತು. 1933ರಲ್ಲಿ ಮುಂಬಯಿಗೆ ಮರಳಿದಾಗ ಹೆತ್ತವರು ಈ ನಂಬಿಕೆಯನ್ನು ಗುಟ್ಟಾಗಿಡು ಎಂದರು. ಅವರು ಒಪ್ಪದಿದ್ದಾಗ ಹೆತ್ತವರು ಅವರನ್ನು ಬಿಟ್ಟು ಹೋದರು.

1950ರ ದಶಕದಿಂದ ಹೈದರಾಬಾದಿನ ಹೆಬ್ರೋನ್ ಅವರ ನೆಲೆ. ಅಲ್ಲಿ ಜನ ನೆಲದ ಮೇಲೆ ಕೂತು, ಬೈಬಲ್ ತೆರೆದಿಟ್ಟುಕೊಂಡು ಕೇಳುತ್ತಿದ್ದರು. ಮಾತಿಗೆ ತಲೆದೂಗುವುದು ಸುಲಭ. ಅದು ಬರೆದದ್ದಕ್ಕೆ ತಾಳೆಯಾಗುತ್ತದೆಯೇ, ತನ್ನಿಂದ ಏನನ್ನು ಬಯಸುತ್ತದೆ ಎಂದು ನೋಡುವುದು ಕಷ್ಟ. ಬೆರೋಯದ ಜನ ಪೌಲನ ಬೋಧನೆಯನ್ನೂ ಹೀಗೆಯೇ ಪರೀಕ್ಷಿಸಿದ್ದರು.

ಕೊನೆಯ ವರ್ಷಗಳಲ್ಲಿ ಪಾರ್ಕಿನ್ಸನ್ ಕಾಯಿಲೆ ಭಕ್ತ್ ಸಿಂಗರನ್ನು ಹಾಸಿಗೆ ಹಿಡಿಸಿತು. ಸಾವಿರಾರು ಜನರ ಮುಂದೆ ಮಾತಾಡಿದ ದನಿ ಉಡುಗಿತು. ಕಾಯಿಲೆ ವಾಸಿಯಾಗಲಿಲ್ಲ. 2000ದ ಸೆಪ್ಟೆಂಬರ್ 17ರಂದು ಹೈದರಾಬಾದಿನಲ್ಲೇ ತೀರಿಕೊಂಡರು.

ನಂಬಿದರೆ ಕಷ್ಟ ತಪ್ಪುತ್ತದೆ ಎಂದು ಕೇಳಿಸಿಕೊಂಡಿದ್ದವರಿಗೆ ಇದು ಸೋಲಾಗಿಯೇ ಕಂಡೀತು. ಕಷ್ಟದಲ್ಲೂ ದೇವರು ಕೈಬಿಡುವುದಿಲ್ಲ ಎಂದು ಕೇಳಿಸಿಕೊಂಡಿದ್ದವರಿಗೆ ಆ ಹಾಸಿಗೆಯೂ ಒಂದು ಬೋಧನೆ. ಇಷ್ಟು ವರ್ಷ ಕೇಳಿಸಿಕೊಂಡದ್ದು ಏನನ್ನು ಎಂಬುದು ಇಂಥ ಹೊತ್ತಿನಲ್ಲೇ ಗೊತ್ತಾಗುವುದು.