ಅಟ್ಟದ ಕೊಬ್ಬರಿ, ಪಟ್ಟದ ಮಾತು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ಹುಟ್ಟಿದವರಿಗೆ ತಾಳ್ಮೆಯ ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅದು ಮನೆಯ ಅಟ್ಟದ ಮೇಲೆಯೇ ಇರುತ್ತದೆ. ಬಲಿತ ತೆಂಗಿನಕಾಯಿಯನ್ನು ಸುಲಿಯದೆ ಅಟ್ಟಕ್ಕೇರಿಸಿ, ಹತ್ತು ಹನ್ನೆರಡು ತಿಂಗಳು ಅದರ ಪಾಡಿಗೆ ಬಿಟ್ಟರೆ, ಒಳಗಿನ ನೀರು ತಾನಾಗಿ ಆರಿ, ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು ಉಂಡೆಗೊಬ್ಬರಿಯಾಗುತ್ತದೆ. ಕಾಯಿಯನ್ನು ಕಿವಿಯ ಬಳಿ ಹಿಡಿದು ಕುಲುಕಿದಾಗ ಗಿಟುಕು ಅಲುಗಿದ ಸದ್ದು ಕೇಳಬೇಕು. ನೀರಿನ ಸದ್ದು ಕೇಳಿದರೆ ಅದು ಇನ್ನೂ ಅಟ್ಟಕ್ಕೇ ಸೇರಿದ್ದು. ಅವಸರಪಟ್ಟು ಒಡೆದವನಿಗೆ ಎಳನೀರೂ ಇಲ್ಲ, ಕೊಬ್ಬರಿಯೂ ಇಲ್ಲ.

ಮಾತಿಗೂ ಇಂಥದೊಂದು ಅಟ್ಟವಿತ್ತು. ವಿಶೇಷವಾಗಿ, ಪಟ್ಟದಲ್ಲಿ ಕುಳಿತವರ ಮಾತಿಗೆ.

ತುರುವೇಕೆರೆ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರಿದ್ದಾರೆ. ಊರಿಗೆಲ್ಲ ಅವರು ‘ಮೇಷ್ಟರು’. ಪಿತ್ರಾರ್ಜಿತವಾದ ಎರಡು ಎಕರೆ ತೆಂಗಿನ ತೋಟ, ಒಂದು ಹಳೆಯ ಮನೆ, ಆ ಮನೆಗೊಂದು ವಿಶಾಲವಾದ ಅಟ್ಟ: ಇದಿಷ್ಟು ಅವರ ಆಸ್ತಿ. ಮಗಳ ಮಗಳು ಅವರ ಮನೆಯಲ್ಲಿದ್ದುಕೊಂಡೇ ತಿಪಟೂರಿನ ಕಾಲೇಜಿಗೆ ಹೋಗಿಬರುತ್ತಾಳೆ. 2023ರ ಡಿಸೆಂಬರಿನಲ್ಲಿ ಅಟ್ಟದ ತುಂಬ ಕೊಬ್ಬರಿಯಿತ್ತು. ಮಾರುಕಟ್ಟೆಯ ದರ ಮಾತ್ರ ಬೆಂಬಲ ಬೆಲೆಗಿಂತ ಬಹಳ ಕೆಳಗಿತ್ತು. ಸಂಕ್ರಾಂತಿಯೊಳಗೆ ಹುಡುಗಿಯ ಶುಲ್ಕ ಕಟ್ಟಬೇಕು. ಮಾರುವುದೋ, ಇಡುವುದೋ ಎಂಬ ಚಿಂತೆಯಲ್ಲಿ ಮೇಷ್ಟರ ನಿದ್ದೆ ಕೆಟ್ಟಿತ್ತು.

ಡಿಸೆಂಬರ್ 27ರ ಸಂಜೆ ಮೊಮ್ಮಗಳು ಮೊಬೈಲು ಹಿಡಿದು ಜಗಲಿಗೆ ಓಡಿಬಂದಳು.

“ತಾತ, ಕೇಂದ್ರ ಸರ್ಕಾರ ಉಂಡೆಗೊಬ್ಬರಿಗೆ ಬೆಂಬಲ ಬೆಲೆ ಏರಿಸಿದೆ! ಕ್ವಿಂಟಾಲಿಗೆ 12,000 ರೂಪಾಯಿ!”

ಹಿಂದಿನ ಬೆಲೆ 11,750. ಏರಿದ್ದು 250 ರೂಪಾಯಿ. ಆದರೂ ಸುದ್ದಿ ಸುದ್ದಿಯೇ. ಮೇಷ್ಟರು ಕನ್ನಡಕ ಹಾಕಿಕೊಂಡು ನೋಡುತ್ತ ಹೋದರು. ಒಬ್ಬ ಮುಖಂಡರ ಪುಟದಲ್ಲಿ ಇದು ತಮ್ಮ ಪ್ರಯತ್ನದ ಫಲವೆಂಬ ಹೆಮ್ಮೆ. ಇನ್ನೊಬ್ಬರ ಪುಟದಲ್ಲಿ ಇದು ರೈತರಿಗೆ ಬಗೆದ ವಂಚನೆಯೆಂಬ ಕೂಗು. ಮೂರನೆಯವರ ಪುಟದಲ್ಲಿ ಮೊದಲ ಇಬ್ಬರನ್ನೂ ಅಣಕಿಸುವ ಚಿತ್ರ. ಮುಂದೆ ರಾಜ್ಯ ಸರ್ಕಾರ ಕ್ವಿಂಟಾಲಿಗೆ 1,500 ರೂಪಾಯಿ ಪ್ರೋತ್ಸಾಹಧನ ಘೋಷಿಸಿದಾಗಲೂ ಇದೇ ಮೆರವಣಿಗೆ. ಹೊಗಳಿದವರು ತೆಗಳಿದರು, ತೆಗಳಿದವರು ಹೊಗಳಿದರು, ಅಷ್ಟೇ ವ್ಯತ್ಯಾಸ.

ಎಲ್ಲವನ್ನೂ ನೋಡಿ ಮುಗಿಸಿ ಮೇಷ್ಟರು ಕೇಳಿದ್ದು ಒಂದೇ ಪ್ರಶ್ನೆ: “ಮಗೂ, ಇದರಲ್ಲಿ ಆದೇಶ ಯಾವುದು, ಮಾತು ಯಾವುದು? ಖರೀದಿ ಕೇಂದ್ರ ತೆರೆಯುವುದು ಯಾವತ್ತು?”

ಹುಡುಗಿ ಬೆರಳಾಡಿಸಿ ಹುಡುಕಿದಳು. ಅದೊಂದು ಮಾತ್ರ ಎಲ್ಲಿಯೂ ಇರಲಿಲ್ಲ.

ಪದವಿಯ ಘನತೆ ಎಂದೊಡನೆ ಜನ ಪೇಟ, ಶಾಲು, ಕೆಂಪುದೀಪದ ಕಾರುಗಳನ್ನು ನೆನೆಯುತ್ತಾರೆ. ಅವು ಘನತೆಯ ಅಲಂಕಾರಗಳು ಮಾತ್ರ. ಮನುಷ್ಯನ ಮಾತು ಬೇರೆ, ಕುರ್ಚಿಯ ಮಾತು ಬೇರೆ ಎಂಬ ಭೇದವೇ ಘನತೆಯ ತಿರುಳು. ಮನುಷ್ಯನಿಗೆ ಸಿಟ್ಟು ಬರುತ್ತದೆ, ಮೂದಲಿಸುವ ಮನಸ್ಸಾಗುತ್ತದೆ. ಕುರ್ಚಿಗೆ ಅದಾವುದೂ ಬರಕೂಡದು. ಕುರ್ಚಿಯ ಮಾತು ಕರಡಾಗಿ, ಕಡತವಾಗಿ, ಹಲವರ ಕಣ್ಣಿಗೆ ಬಿದ್ದು, ರುಜುವಾಗಿ ಹೊರಬರುವಷ್ಟರಲ್ಲಿ ಅದರೊಳಗಿನ ನೀರು ಆರಿರುತ್ತಿತ್ತು. ಆದ್ದರಿಂದಲೇ ಹಳ್ಳಿಯ ರೈತ ಅದನ್ನು ನಂಬಿ ಕೊಬ್ಬರಿಯನ್ನು ಅಟ್ಟದಲ್ಲಿಡಬಹುದಾಗಿತ್ತು.

ಇಂಥ ತಡೆಗೆ ಕನ್ನಡ ನಾಡಿನವರದೇ ಒಂದು ನಿದರ್ಶನವಿದೆ. 1977ರ ಫೆಬ್ರುವರಿಯಲ್ಲಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದರು ತೀರಿಕೊಂಡಾಗ, ಉಪರಾಷ್ಟ್ರಪತಿಗಳಾಗಿದ್ದ ಜಮಖಂಡಿ ಸೀಮೆಯ ಬಿ.ಡಿ. ಜತ್ತಿಯವರು ಹಂಗಾಮಿ ರಾಷ್ಟ್ರಪತಿಗಳಾದರು. ಆ ಏಪ್ರಿಲಿನಲ್ಲಿ ಹೊಸ ಜನತಾ ಸರ್ಕಾರವು ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸುವಂತೆ ಸಲಹೆ ಮಾಡಿತು. ಜತ್ತಿಯವರು ಕೂಡಲೇ ರುಜು ಹಾಕಲಿಲ್ಲ. ದೇಶವೇ ಉಸಿರು ಬಿಗಿಹಿಡಿದು ನೋಡುತ್ತಿತ್ತು. ಮರುದಿನ ರುಜು ಬಿತ್ತು. ಅವರು ಮಾಡಿದ್ದು ಸರಿಯೇ, ತಪ್ಪೇ ಎಂದು ಬಲ್ಲವರು ಇಂದಿಗೂ ವಾದಿಸಬಹುದು. ಆದರೆ ಆ ಒಂದು ದಿನದ ಸಂದೇಹ ಲೇಖನಿಯ ತುದಿಯಲ್ಲಿ ನಿಂತಿತು. ಬೀದಿಯ ಜಗಳವಾಗಿ ಹರಿಯಲಿಲ್ಲ. ಅವರ ಕೈಯಲ್ಲಿ ಮೊಬೈಲು ಇದ್ದಿದ್ದರೆ ಆ ಇರುಳು ಏನಾಗುತ್ತಿತ್ತೋ ಊಹಿಸುವುದು ಕಷ್ಟ.

ಮೊಬೈಲು ಕೈಯಲ್ಲಿದ್ದಾಗ ಏನಾಗುತ್ತದೆಂಬುದನ್ನು ಅಮೆರಿಕ ತೋರಿಸಿಕೊಟ್ಟಿದೆ. 2018ರ ಮಾರ್ಚ್ 13ರಂದು ಅಧ್ಯಕ್ಷ ಟ್ರಂಪ್ ತಮ್ಮ ವಿದೇಶಾಂಗ ಸಚಿವ ರೆಕ್ಸ್ ಟಿಲ್ಲರ್‌ಸನ್‌ರನ್ನು ಬದಲಿಸಿದ ಸಂಗತಿಯನ್ನು ಟ್ವಿಟರ್‌ನಲ್ಲಿ ಜಗತ್ತಿಗೆ ಸಾರಿದರು. ತಮ್ಮನ್ನೇಕೆ ತೆಗೆದರೆಂಬುದು ಸಚಿವರಿಗೇ ತಿಳಿದಿಲ್ಲವೆಂದು ಅವರ ಇಲಾಖೆಯ ಅಧಿಕಾರಿ ಹೇಳಬೇಕಾಯಿತು. ಮನೆಯ ಆಳನ್ನು ಬಿಡಿಸುವಾಗಲೂ ಎದುರು ಕರೆದು ಎರಡು ಮಾತಾಡುವ ನಮ್ಮ ಕಡೆಯ ಮಂದಿಗೆ ಇದು ಸೋಜಿಗವೆನಿಸಿದರೆ ಆಶ್ಚರ್ಯವಿಲ್ಲ.

ದೂರದ ಮಾತೇಕೆ? 2025ರ ನವೆಂಬರ್ 27ರಂದು, ಮುಖ್ಯಮಂತ್ರಿಯ ಪದವಿ ಕೈಬದಲಾಗುವುದೆಂಬ ಗುಲ್ಲು ತುಂಬಿದ್ದಾಗ, ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರ ‘ಎಕ್ಸ್’ ಖಾತೆಯಲ್ಲಿ ಕೊಟ್ಟ ಮಾತಿನ ಶಕ್ತಿಯನ್ನು ಕುರಿತ ಬರಹವೊಂದು ಕಾಣಿಸಿಕೊಂಡಿತು. ಅದೇ ದಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಖಾತೆಯಲ್ಲಿ, ಜನರ ಬದುಕನ್ನು ಹಸನು ಮಾಡದಿದ್ದರೆ ಮಾತಿಗೆ ಶಕ್ತಿಯಿಲ್ಲವೆಂಬ ಅರ್ಥದ ಉತ್ತರ ಬಂದಿತು. ನಾಡಿನ ಎರಡು ಹಿರಿಯ ಪೀಠಗಳು ಒಗಟಿನಲ್ಲಿ ಮಾತಾಡಿಕೊಂಡವು. ಜನ ಅರ್ಥ ಬಿಡಿಸುತ್ತ ಕುಳಿತರು. ಎರಡು ದಿನಗಳ ಬಳಿಕ ಇಬ್ಬರೂ ಒಂದೇ ಮೇಜಿನಲ್ಲಿ ಕುಳಿತು ಇಡ್ಲಿ ಉಪ್ಪಿಟ್ಟು ತಿಂದು, ತಮ್ಮಲ್ಲಿ ಭಿನ್ನಾಭಿಪ್ರಾಯವಿಲ್ಲವೆಂದು ಹೇಳಿದರು. ಉಪಾಹಾರ ಮೊದಲಾಗಿ ಬರಹ ಆಮೇಲಾಗಿದ್ದರೆ ಒಗಟಿನ ಅಗತ್ಯವೇ ಇರುತ್ತಿರಲಿಲ್ಲವೇನೋ!

ಇದು ಒಂದು ಪಕ್ಷದ ದೋಷವಲ್ಲ. 2022ರ ಆಗಸ್ಟಿನಲ್ಲಿ ಚಿಕ್ಕನಾಯಕನಹಳ್ಳಿಯ ಶಾಸಕರೂ ಅಂದಿನ ಬಿಜೆಪಿ ಸರ್ಕಾರದ ಕಾನೂನು ಸಚಿವರೂ ಆಗಿದ್ದ ಜೆ.ಸಿ. ಮಾಧುಸ್ವಾಮಿಯವರ ದೂರವಾಣಿ ಸಂಭಾಷಣೆಯೊಂದು ಸೋರಿ ಜಾಲತಾಣಗಳಲ್ಲೆಲ್ಲ ಹರಿದಾಡಿತು. ಸರ್ಕಾರ ನಡೆಯುತ್ತಿಲ್ಲ, ಹೇಗೋ ನಿಭಾಯಿಸಿಕೊಂಡು ಹೋಗುತ್ತಿದ್ದೇವೆ ಎಂಬ ಅರ್ಥದ ಮಾತು ಅದರಲ್ಲಿತ್ತು. ಅದನ್ನು ಬೇರೆ ಸಂದರ್ಭದಲ್ಲಿ ಆಡಿದ್ದೆಂದು ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಸಮಾಧಾನ ಹೇಳಬೇಕಾಯಿತು. ಅಲ್ಲಿ ಕುರ್ಚಿ ಮನುಷ್ಯನಂತೆ ಹರಟಿದರೆ, ಇಲ್ಲಿ ಮನುಷ್ಯನ ಹರಟೆಯೇ ಕುರ್ಚಿಯ ಮಾತಾಯಿತು. ಎರಡರ ನಡುವಣ ಗೋಡೆ ಬಿದ್ದ ಮೇಲೆ ಯಾವ ಕಡೆಯಿಂದ ಬಿದ್ದರೇನು?

ಮೇಷ್ಟರು ಹೀಗೆಲ್ಲ ಹೇಳತೊಡಗಿದರೆ ಮೊಮ್ಮಗಳು ಸುಮ್ಮನಿರುವವಳಲ್ಲ.

“ನಿಮ್ಮ ಕಾಲದ ಮಂತ್ರಿಗಳನ್ನು ಯಾರು ಪ್ರಶ್ನೆ ಕೇಳಬಹುದಾಗಿತ್ತು, ತಾತ? ಅರ್ಜಿ ಹಿಡಿದು ಬೆಂಗಳೂರಿನ ಬಾಗಿಲಲ್ಲಿ ಕಾಯಬೇಕಾಗಿತ್ತು. ಸುಷ್ಮಾ ಸ್ವರಾಜ್ ಅವರು ವಿದೇಶಾಂಗ ಸಚಿವರಾಗಿದ್ದಾಗ, ಪರದೇಶದಲ್ಲಿ ಸಿಕ್ಕಿಬಿದ್ದವರು ಟ್ವಿಟರ್‌ನಲ್ಲಿ ಒಂದು ಸಾಲು ಬರೆದರೆ ಸಹಾಯ ಸಿಗುತ್ತಿತ್ತು. ಅದರಿಂದ ಪದವಿಯ ಘನತೆ ಕಡಿಮೆಯಾಯಿತೇ?”

ಮೇಷ್ಟರು ಸ್ವಲ್ಪ ಹೊತ್ತು ಯೋಚಿಸಿದರು. “ಇಲ್ಲ ಮಗೂ, ಹೆಚ್ಚಿತು. ಆಕೆ ಬರೆದದ್ದು ಕೇಳಿದವರಿಗೆ ಉತ್ತರ. ತನ್ನ ಹಿರಿಮೆಯನ್ನಲ್ಲ” ಎಂದು ಒಪ್ಪಿಕೊಂಡರು. ಸೋಲನ್ನು ಒಪ್ಪುವುದು ಉಪಾಧ್ಯಾಯರಿಗೆ ಸುಲಭವಲ್ಲ, ಆದರೂ ಒಪ್ಪಿದರು.

ಆ ಸಂಜೆಯೇ ಹುಡುಗಿ ಒಬ್ಬ ಮುಖಂಡರ ಹೆಮ್ಮೆಯ ಬರಹದ ಕೆಳಗೆ ಖಾರವಾದ ಉತ್ತರವೊಂದನ್ನು ಸಿದ್ಧಪಡಿಸಿದ್ದಳು. ತಾತನಿಗೆ ಓದಿ ತೋರಿಸಿದಳು. ಮೇಷ್ಟರು ನಕ್ಕು, “ಚೆನ್ನಾಗಿದೆ. ಒಂದು ರಾತ್ರಿ ಅಟ್ಟದ ಮೇಲಿಡು” ಎಂದರು. ಬೆಳಗ್ಗೆ ಅವಳೇ ಅದರಲ್ಲಿದ್ದ ಬೈಗಳನ್ನೆಲ್ಲ ಅಳಿಸಿದಳು. ಕೊನೆಗೆ ಉಳಿದದ್ದು ಒಂದೇ ಸಾಲು: ‘ಖರೀದಿ ಕೇಂದ್ರ ಯಾವ ದಿನ ತೆರೆಯುತ್ತದೆ, ದಯವಿಟ್ಟು ತಿಳಿಸಿ.’ ಹಲವರು ಅದಕ್ಕೆ ಮೆಚ್ಚುಗೆ ಒತ್ತಿದರು. ಉತ್ತರ ಬರಲಿಲ್ಲ.

ಮೇಷ್ಟರು ಇನ್ನು ಕಾಯುವಂತಿರಲಿಲ್ಲ. ಅರ್ಧ ಕೊಬ್ಬರಿಯನ್ನು ತಿಪಟೂರಿನ ಮಾರುಕಟ್ಟೆಗೆ ಹಾಕಿ, ಸಿಕ್ಕ ಬೆಲೆಗೆ ಮಾರಿ, ಶುಲ್ಕ ಕಟ್ಟಿಸಿದರು. ಖರೀದಿಗೆ ರೈತರ ನೋಂದಣಿ ಆರಂಭವಾದದ್ದು 2024ರ ಫೆಬ್ರುವರಿಯಲ್ಲಿ. ಅವ್ಯವಹಾರದ ದೂರಿನಿಂದ ಅದೂ ರದ್ದಾಗಿ ಮಾರ್ಚ್ ತಿಂಗಳಲ್ಲಿ ಮತ್ತೆ ನಡೆಯಿತು. ಎರಡು ಸಲವೂ ಮೇಷ್ಟರು ಬಿಸಿಲಿನಲ್ಲಿ ಸಾಲು ನಿಂತರು. ಉಳಿದರ್ಧಕ್ಕೆ ಬೆಂಬಲ ಬೆಲೆ ದೊರೆಯಿತು. ಮೊದಲರ್ಧದಲ್ಲಿ ಹೋದದ್ದು ಹೋಯಿತು.

ನೋಂದಣಿಯ ದಿನಾಂಕ ಅವರಿಗೆ ತಿಳಿದದ್ದು ಯಾವ ಮುಖಂಡರ ಪುಟದಿಂದಲೂ ಅಲ್ಲ. ಗೋಡೆಗೆ ಅಂಟಿಸಿದ್ದ ಒಂದು ಬಿಳಿಯ ಹಾಳೆಯಿಂದ. ಅದರಲ್ಲಿ ಯಾರ ಭಾವಚಿತ್ರವೂ ಇರಲಿಲ್ಲ. ಕೆಳಗೆ ಒಂದು ರುಜು, ಒಂದು ಮೊಹರು ಇದ್ದವು. ಮೇಷ್ಟರು ಅದನ್ನು ಎರಡು ಸಲ ಓದಿ, ಮೊಮ್ಮಗಳ ಕಡೆ ತಿರುಗಿ, “ಇದನ್ನು ಫೋಟೋ ತೆಗೆದುಕೋ. ಊರವರಿಗೆಲ್ಲ ಕಳಿಸು” ಎಂದರು.