ಬಾಡಿ ಅರ್ತ್

ಮಿಯಾಟಾ ಕಾರನ್ನು ಮೊದಲ ಸಲ ನೋಡಿದವರು ನಗುತ್ತಾರೆ, ಆಮೇಲೆ ಒಂದು ಸುತ್ತು ಹೋಗಿಬರೋಣವೇ ಎಂದು ಕೇಳುತ್ತಾರೆ. ಎರಡೇ ಸೀಟು, ಬಟ್ಟೆಯ ಚಾವಣಿ, ಸ್ವಿಚ್ ಒತ್ತಿದರೆ ಕಪ್ಪೆಯ ಕಣ್ಣಿನಂತೆ ಮೇಲೆದ್ದು ಬರುವ ಹೆಡ್‌ಲೈಟುಗಳು. ಮಜ್ದಾ ಕಂಪನಿ ಇದನ್ನು 1989ರ ಫೆಬ್ರುವರಿಯಲ್ಲಿ ಶಿಕಾಗೋದ ಆಟೋ ಶೋನಲ್ಲಿ ಜಗತ್ತಿಗೆ ತೋರಿಸಿತು. 2016ರಲ್ಲಿ ಹತ್ತು ಲಕ್ಷನೆಯ ಕಾರು ಹೊರಬಂತು. ಕುದುರೆಯೂ ಸವಾರನೂ ಒಂದೇ ಜೀವವಾಗಬೇಕು ಎಂಬ ಅರ್ಥದ ಜಪಾನಿ ಮಾತೊಂದನ್ನು, 'ಜಿನ್ಬಾ ಇತ್ತಾಯ್' ಎಂಬುದನ್ನು, ಎದುರಿಗಿಟ್ಟುಕೊಂಡು ಅದರ ಎಂಜಿನಿಯರುಗಳು ಕೆಲಸ ಮಾಡಿದರಂತೆ. ಸೈಲೆನ್ಸರಿನಿಂದ ಬರುವ ಸದ್ದು ಹೇಗಿರಬೇಕು ಎಂಬುದಕ್ಕೂ ಬಹಳ ತಲೆ ಕೆಡಿಸಿಕೊಂಡಿದ್ದರು.

ನನ್ನದು 1995ರ ಮಾಡೆಲ್. ನನಗಿಂತ ಹಿರಿಯದು. ಮಿಶಿಗನ್ ರಾಜ್ಯದ ಆನ್ ಆರ್ಬರಿನಲ್ಲಿ ಪಿಎಚ್‌ಡಿ ಮಾಡುವ ನನ್ನಂಥವಳ ಸ್ಟೈಪೆಂಡಿಗೆ ಸ್ಪೋರ್ಟ್ಸ್ ಕಾರು ಎಂದರೆ ಇಂಥದೇ: ಬಾಗಿಲ ಕೆಳಗೆ ತುಕ್ಕು, ಚಾವಣಿಗೆ ತೇಪೆ, ಎಂಜಿನ್ ಮಾತ್ರ ಗಟ್ಟಿ. ಗೆಳೆಯರು ಅಷ್ಟೇ ದುಡ್ಡಿಗೆ ಬುದ್ಧಿವಂತರು ಕೊಳ್ಳುವ ಕಾರುಗಳನ್ನು ಕೊಂಡರು. ನನಗೆ ಅವುಗಳ ಬಾನೆಟ್ ತೆಗೆದರೆ ಪ್ಲಾಸ್ಟಿಕ್ ಹೊದಿಕೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಇದರಲ್ಲಿ ಪ್ರತಿಯೊಂದು ವೈರೂ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಕಣ್ಣಲ್ಲೇ ಹಿಡಿಯಬಹುದು. ಚಿತ್ರದುರ್ಗದ ಹೈವೇ ಪಕ್ಕ ಮೂವತ್ತು ವರ್ಷ ಲಾರಿಗಳಿಗೆ ವೈರಿಂಗ್ ಮಾಡಿದವರ ಮಗಳಿಗೆ ಅದು ಸಣ್ಣ ಸುಖವಲ್ಲ.

ಈ ಕಾರಿನ ಎತ್ತರ ನಾಲ್ಕು ಅಡಿಯ ಆಸುಪಾಸು. ಇಲ್ಲಿನ ಹದಿನೆಂಟು ಚಕ್ರದ ಟ್ರಕ್ಕುಗಳ ಪಕ್ಕ ನಿಂತರೆ ನನ್ನ ತಲೆ ಅವುಗಳ ಚಕ್ರದ ಮಟ್ಟಕ್ಕೆ ಬರುತ್ತದೆ. ಕಳೆದ ಅಕ್ಟೋಬರಿನಲ್ಲಿ ಯು.ಎಸ್. 23 ಹೆದ್ದಾರಿಯಲ್ಲಿ ಅಂಥದೊಂದು ಟ್ರಕ್ಕು ಇಂಡಿಕೇಟರ್ ಹಾಕಿ ನನ್ನ ಲೇನಿಗೆ ನಿಧಾನವಾಗಿ ಸರಿಯತೊಡಗಿತು. ಡ್ರೈವರನಿಗೆ ನಾನು ಕಂಡಿಲ್ಲ ಎಂಬುದು ಸ್ಪಷ್ಟವಿತ್ತು. ಹಾರ್ನ್ ಒತ್ತಿದೆ. ಬಂದದ್ದು ಮಕ್ಕಳ ಆಟದ ಬಾತುಕೋಳಿಯ ದನಿ. ಬಲಗಡೆ ಟ್ರೇಲರಿನ ಹೊಟ್ಟೆ, ಎಡಗಡೆ ಕಾಂಕ್ರೀಟಿನ ಗೋಡೆ. ಬ್ರೇಕ್ ತುಳಿದು ಹಿಂದೆ ಉಳಿದೆ, ಹಿಂದಿನ ಕಾರಿನವನು ದೂರದಲ್ಲಿದ್ದ, ಬದುಕಿದೆ. ಇಷ್ಟೇ ನಡೆದದ್ದು. ಆದರೆ ಮನೆ ಮುಟ್ಟುವವರೆಗೂ ಮೊಣಕಾಲು ನಡುಗುತ್ತಿತ್ತು.

ಊರಲ್ಲಿ ಹಾರ್ನ್ ಎಂದರೆ ಬಹುಮಟ್ಟಿಗೆ ನಾನಿದ್ದೀನಿ ಎಂದು ಹೇಳುವುದು. ಲಾರಿಯ ಬೆನ್ನ ಮೇಲೆಯೇ 'ಸೌಂಡ್ ಹಾರ್ನ್' ಎಂದು ಆಹ್ವಾನ ಇರುತ್ತದೆ. ಮಹಾರಾಷ್ಟ್ರದವರು 2015ರಲ್ಲಿ 'ಹಾರ್ನ್ ಓಕೆ ಪ್ಲೀಸ್' ಎಂದು ಬರೆಸುವುದನ್ನು ನಿಷೇಧಿಸಿದಾಗ ಅಪ್ಪಾಜಿ, "ಬರಹ ಅಳಿಸಿದ್ರೆ ಕೈ ಸುಮ್ನಿರುತ್ತಾ" ಎಂದಿದ್ದರು. ಇಲ್ಲಿ ಹಾರ್ನ್ ಮಾಡುವುದು ಬೈಗುಳಕ್ಕೆ ಸಮ. ತಿಂಗಳುಗಟ್ಟಲೆ ಒತ್ತದೆ ಇರಬಹುದು, ಹಾಗಾಗಿ ಅದು ಸತ್ತದ್ದೂ ತಿಳಿಯುವುದಿಲ್ಲ. ಮಿಶಿಗನ್ನಿನ ಕಾನೂನು ಕೇಳುವುದು ಇಷ್ಟು: ಸಾಮಾನ್ಯ ಪರಿಸ್ಥಿತಿಯಲ್ಲಿ 200 ಅಡಿ ದೂರಕ್ಕೆ ಕೇಳಿಸಬೇಕು, ಅತಿ ಕರ್ಕಶವಾಗಿರಬಾರದು. ನನ್ನದು ಇಪ್ಪತ್ತು ಅಡಿಗೂ ಸಾಲುತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಅಪ್ಪಾಜಿಗೆ ಫೋನ್ ಮಾಡಿದೆ. ಅಲ್ಲಿ ಸಂಜೆ ಆರೂವರೆ. ಟ್ರಕ್ಕಿನ ಕತೆ ಹೇಳಲಿಲ್ಲ, ಹಾರ್ನ್ ವೀಕಾಗಿದೆ ಎಂದೆ ಅಷ್ಟೇ. "ಹೊಸಾದ್ ಹಾಕ್ಸ್‌ಬೇಕು ಅಂತ ಮಾತ್ರ ಹೇಳ್ಬೇಡ. ಬಾಡಿ ಅರ್ತ್ ನೋಡಿದ್ಯಾ?" ಇದು ಅವರ ಮೊದಲ ಪ್ರಶ್ನೆ, ಯಾವ ಗಾಡಿಗೇ ಆಗಲಿ.

ಹಾರ್ನಿನ ಒಳಗಿರುವುದು ಸರಳ ಯಂತ್ರ. ಒಂದು ಕಾಯಿಲ್, ಒಂದು ತೆಳು ಉಕ್ಕಿನ ತಗಡು, ನಡುವೆ ಒಂದು ಜೊತೆ ಪಾಯಿಂಟು. ಕರೆಂಟ್ ಹರಿದಾಗ ಕಾಯಿಲ್ ಅಯಸ್ಕಾಂತವಾಗಿ ತಗಡನ್ನು ಎಳೆಯುತ್ತದೆ. ಎಳೆದ ತಗಡೇ ಪಾಯಿಂಟನ್ನು ಬಿಡಿಸಿ ಕರೆಂಟ್ ಕಡಿಯುತ್ತದೆ, ತಗಡು ಹಿಂದಕ್ಕೆ ಬರುತ್ತದೆ, ಪಾಯಿಂಟು ಮತ್ತೆ ಕೂಡುತ್ತದೆ. ಇದು ಸೆಕೆಂಡಿಗೆ ನಾಲ್ಕೈದು ನೂರು ಸಲ. ಬೆನ್ನಲ್ಲೊಂದು ಸಣ್ಣ ಸ್ಕ್ರೂ ಇರುತ್ತದೆ, ಅದನ್ನು ಕಾಲು ಸುತ್ತು ಅತ್ತಿತ್ತ ತಿರುಗಿಸಿ ಅಪ್ಪಾಜಿ ಹಾರ್ನುಗಳನ್ನು ತಂಬೂರಿ ಶ್ರುತಿ ಮಾಡಿದಂತೆ ಮಾಡುತ್ತಿದ್ದರು. ವೋಲ್ಟೇಜು ಕಡಿಮೆಯಾದರೆ ಎಳೆತ ಕಡಿಮೆ, ಎಳೆತ ಕಡಿಮೆಯಾದರೆ ದನಿ ಉಡುಗುತ್ತದೆ. ಹಾಗಾಗಿ ವೀಕಾದ ಹಾರ್ನ್ ಎಷ್ಟೋ ಸಲ ಹಾರ್ನಿನ ತಪ್ಪೇ ಅಲ್ಲ.

ಮಿಯಾಟಾದ ಬ್ಯಾಟರಿ ಇರುವುದು ಹಿಂದೆ, ಡಿಕ್ಕಿಯಲ್ಲಿ. ಹಾರ್ನ್ ಇರುವುದು ಮುಂದೆ, ಬಂಪರಿನ ಬಾಯಿಯೊಳಗೆ. ಪ್ಲಸ್ ವೈರಿನಲ್ಲಿ ಬರುತ್ತದೆ, ಮೈನಸ್ ಇಡೀ ಕಾರಿನ ಮೈಯ ಮೂಲಕ ಹಿಂದಕ್ಕೆ ಹೋಗಬೇಕು. ಗೆಳತಿಯನ್ನು ಸ್ಟೀರಿಂಗ್ ಮುಂದೆ ಕೂರಿಸಿ, ಉದ್ದನೆಯ ವೈರೊಂದನ್ನು ಮೀಟರಿಗೆ ಕಟ್ಟಿ ಅಳೆದೆ. ಹಾರ್ನ್ ಒತ್ತಿದಾಗ ಬ್ಯಾಟರಿಯಲ್ಲಿ 12.2 ವೋಲ್ಟು. ಹಾರ್ನಿನಲ್ಲಿ ಉಳಿದದ್ದು 9.1. ಪ್ಲಸ್ ದಾರಿಯಲ್ಲಿ ಕಳೆದದ್ದು 0.9. ಉಳಿದ 2.2 ವೋಲ್ಟು ಹಾರ್ನಿನ ಬ್ರಾಕೆಟ್ಟಿಗೂ ಬ್ಯಾಟರಿಯ ಮೈನಸ್ಸಿಗೂ ನಡುವೆ ಮಾಯವಾಗುತ್ತಿತ್ತು. ಬಾಡಿ ಅರ್ತ್.

ಬೋಲ್ಟ್ ಬಿಚ್ಚಿದರೆ ಕೆಳಗೆ ತುಕ್ಕು, ಅಪ್ಪಟ ಕಿತ್ತಳೆ ಬಣ್ಣದ ಪುಡಿ. ನನ್ನ ಸಂಶೋಧನೆಯೇ ತುಕ್ಕಿನ ಮೇಲೆ. ಇಲ್ಲಿ ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಸುರಿಯುತ್ತಾರೆ. ಡೆಟ್ರಾಯಿಟ್ ನಗರದ ಕೆಳಗೇ ಸಾವಿರದ ಚಿಲ್ಲರೆ ಅಡಿ ಆಳದಲ್ಲಿ ಉಪ್ಪಿನ ಗಣಿಯಿದೆ. ಆ ಉಪ್ಪಿನ ಕ್ಲೋರೈಡು ನೀರಿನ ಜೊತೆ ಸೇತುವೆಯ ಕಾಂಕ್ರೀಟಿನೊಳಗೆ ಇಳಿದು, ಕಬ್ಬಿಣದ ಸರಳುಗಳ ಮೇಲಿನ ರಕ್ಷಣೆಯ ಪದರವನ್ನು ಒಡೆಯುತ್ತದೆ. ನಾಲ್ಕು ವರ್ಷದಿಂದ ನಾನು ಅಳೆಯುತ್ತಿರುವುದು ಅದನ್ನೇ. ಲ್ಯಾಬಿನಲ್ಲಿ ವರ್ಷಕ್ಕೊಂದು ಗ್ರಾಫಿಗೆ ಸಿಗುವಷ್ಟು ತುಕ್ಕು ಆ ಒಂದು ಬೋಲ್ಟಿನ ಬುಡದಲ್ಲಿತ್ತು. ಗೈಡ್‌ಗೆ ಫೋಟೋ ಕಳಿಸಿದೆ. 'ಸ್ಯಾಂಪಲ್ ಸಂಖ್ಯೆ ಎಷ್ಟು' ಎಂದು ಉತ್ತರ ಬಂತು.

ಅಪ್ಪಾಜಿ ಫೋನಿನಲ್ಲೇ ಇದ್ದರು. ಎಮರಿ ಪೇಪರಿನಲ್ಲಿ ಲೋಹ ಹೊಳೆಯುವವರೆಗೆ ಉಜ್ಜಿದೆ, ಬ್ರಾಕೆಟ್ಟಿನಿಂದ ಬೇರೊಂದು ದಪ್ಪ ವೈರನ್ನು ನೇರ ಚಾಸಿಗೆ ಕೊಟ್ಟೆ, ಮೇಲೆ ಗ್ರೀಸ್ ಸವರಿದೆ. "ಫೋನ್ ಹಾರ್ನ್ ಹತ್ರ ಹಿಡಿ, ಕೇಳ್ತೀನಿ" ಎಂದರು. ಹಿಡಿದೆ. ಗೆಳತಿಗೆ ಕೈಸನ್ನೆ ಮಾಡಲು ಹೊರಟಿದ್ದೆ.

"ಹಾಂ, ಈಗ ಪರವಾಗಿಲ್ಲ ನೋಡು. ಚೆನ್ನಾಗ್ ಬರ್ತಿದೆ" ಎಂದರು ಅಪ್ಪಾಜಿ.

ಗೆಳತಿ ಇನ್ನೂ ಒತ್ತಿರಲಿಲ್ಲ.

ನಾನು ಏನೂ ಹೇಳಲಿಲ್ಲ. ಆಮೇಲೆ ಅವಳು ಒತ್ತಿದಳು. ಪಕ್ಕದ ಮನೆಯ ನಾಯಿ ಬೊಗಳಿತು, ಮೀಟರು 11.4 ತೋರಿಸಿತು. ಫೋನಿನ ಆ ಕಡೆ ಅಪ್ಪಾಜಿ ಚಹಾ ಹೀರುತ್ತಾ ಅಮ್ಮನ ಜೊತೆ ಬೇರೇನೋ ಮಾತಾಡುತ್ತಿದ್ದರು.

ರಾತ್ರಿ ಅಮ್ಮನಿಗೆ ಬೇರೆಯಾಗಿ ಫೋನ್ ಮಾಡಿದಾಗ ಗೊತ್ತಾಯಿತು. ಕುಕ್ಕರ್ ಸೀಟಿ ಅವರಿಗೆ ಕೇಳದೆ ವರ್ಷವಾಯಿತಂತೆ. ಟೀವಿ ದನಿ ಜಾಸ್ತಿಯಾದದ್ದಕ್ಕೆ ಟೀವಿಯನ್ನೇ ಬೈಯುತ್ತಾರಂತೆ. ಹೋದ ತಿಂಗಳು ಸಂತೆಯಿಂದ ಬರುವಾಗ ಹಿಂದಿನಿಂದ ಬಸ್ಸಿನವನು ಹಾರ್ನ್ ಮೇಲೆ ಹಾರ್ನ್ ಹೊಡೆದರೂ ತಿರುಗಲಿಲ್ಲವಂತೆ. "ನಾನು ರಟ್ಟೆ ಹಿಡಿದು ಎಳಕಂಡೆ. ಆಮೇಲೆ ಆ ಬಸ್ಸಿನ ಹಾರ್ನ್ ಸರಿಯಿಲ್ಲ, ಅರ್ತ್ ಹೋಗಿದೆ ಅಂತಾರೆ ಕಣೇ ನಿಮ್ಮಪ್ಪ."

ತಗಡಿನ ಹಾರ್ನುಗಳ ಚುಚ್ಚುವ ಗುಣ ಇರುವುದು ಸುಮಾರು 2,000ದಿಂದ 3,500 ಹರ್ಟ್ಸ್ ನಡುವೆ. ಮನುಷ್ಯನ ಕಿವಿ ಬಲು ಚುರುಕಾಗಿರುವ ಜಾಗ ಅದು, ತಯಾರಕರು ಬೇಕೆಂದೇ ಶಕ್ತಿಯನ್ನು ಅಲ್ಲಿಗೆ ತುಂಬುತ್ತಾರೆ. ಗದ್ದಲದಲ್ಲಿ ವರ್ಷಗಟ್ಟಲೆ ದುಡಿದವರ ಕಿವಿ ಸಾಮಾನ್ಯವಾಗಿ ಮೊದಲು ಸೋಲುವುದು 4,000 ಹರ್ಟ್ಸಿನ ಆಸುಪಾಸಿನಲ್ಲಿ, ಅಲ್ಲಿಂದ ಅಕ್ಕಪಕ್ಕಕ್ಕೆ ಹಬ್ಬುತ್ತದೆ. ಮೂವತ್ತು ವರ್ಷ ಲಾರಿಯ ಮೂತಿಯೊಳಗೆ ತಲೆ ತೂರಿಸಿ, ಒಂದಡಿ ದೂರದಲ್ಲಿ ಕ್ಲೀನರನ ಕೈಯಲ್ಲಿ ಹಾರ್ನ್ ಒತ್ತಿಸಿ, ಸ್ಕ್ರೂ ತಿರುಗಿಸಿದ್ದರು ಅಪ್ಪಾಜಿ. ಕಿವಿಗೆ ಹತ್ತಿಯನ್ನೂ ಇಟ್ಟುಕೊಂಡವರಲ್ಲ.

ಕ್ಲಾಕ್ಸನ್ ಎಂಬ ಹಾರ್ನನ್ನು ಕಂಡುಹಿಡಿದ ಅಮೆರಿಕದ ಮಿಲ್ಲರ್ ರೀಸ್ ಹಚಿಸನ್ ಅದಕ್ಕೂ ಮೊದಲು ಕಿವುಡರಿಗಾಗಿ ವಿದ್ಯುತ್ ಶ್ರವಣ ಸಾಧನವನ್ನು ಮಾಡಿದ್ದ. ಇಂಗ್ಲೆಂಡಿನ ಅಲೆಕ್ಸಾಂಡ್ರಾ ರಾಣಿಯೂ ಅದನ್ನು ಬಳಸಿದವರಲ್ಲಿ ಒಬ್ಬಳು. ಜನರನ್ನು ಮೊದಲು ಕಿವುಡು ಮಾಡಿ ಆಮೇಲೆ ಸಾಧನ ಮಾರಲೆಂದೇ ಹಾರ್ನ್ ಮಾಡಿದ್ದಾನೆ ಎಂಬ ತಮಾಷೆಯೊಂದಿದೆ, ಮಾರ್ಕ್ ಟ್ವೇನ್ ಹೆಸರಿಗೆ ಅದನ್ನು ಅಂಟಿಸುತ್ತಾರೆ. ಓದಿದಾಗ ನಗು ಬಂದಿತ್ತು. ಈಗ ಅಷ್ಟು ಬರುವುದಿಲ್ಲ.

ಅರ್ತ್ ಸರಿಹೋದ ಮೇಲೆ ಹಳೆಯ ಹಾರ್ನೇ ಕಾನೂನಿಗೆ ಸಾಕಾಗುವಷ್ಟಿತ್ತು. ಆದರೂ ನಾನು ಇನ್ನೊಂದು ಜೊತೆ ಹಾಕಬೇಕೆಂದು ನಿರ್ಧರಿಸಿದೆ, ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಬಾಯಿಯವು. ಒಂದು ಸುಮಾರು 400 ಹರ್ಟ್ಸು, ಇನ್ನೊಂದು 500. ಟ್ರಕ್ಕಿನ ಮುಚ್ಚಿದ ಕಿಟಕಿ ಎತ್ತರದ ದನಿಯನ್ನು ತಡೆದಷ್ಟು ತಗ್ಗಿನ ದನಿಯನ್ನು ತಡೆಯುವುದಿಲ್ಲ, ಅದು ಒಂದು ಕಾರಣ. ಇನ್ನೊಂದು ಕಾರಣವನ್ನು ಅಂಗಡಿಯವನಿಗೆ ಹೇಳಲಿಲ್ಲ.

ಎರಡು ಹಾರ್ನ್ ಸೇರಿದರೆ ಸುಮಾರು ಹತ್ತು ಆಂಪಿಯರ್ ಎಳೆಯುತ್ತವೆ. ಮೂವತ್ತು ವರ್ಷದ ತೆಳು ವೈರಿಗೆ ಅಷ್ಟು ಹೊರಿಸಬಾರದು. ಬಾನೆಟ್ಟಿನ ಕೆಳಗಿನ ಫ್ಯೂಸ್ ಪೆಟ್ಟಿಗೆಯಿಂದ ಹೊಸ ಫ್ಯೂಸ್ ಹಾಕಿ ದಪ್ಪ ವೈರ್ ಎಳೆದು, ಬೇರೆ ರಿಲೇ ಕೂರಿಸಿದೆ. ಹಳೆಯ ಹಾರ್ನಿನ ವೈರು ಈಗ ಆ ರಿಲೇಯನ್ನು ಎಬ್ಬಿಸುವ ಕೆಲಸ ಮಾತ್ರ ಮಾಡುತ್ತದೆ. ಸ್ಟೀರಿಂಗಿನ ತಂಟೆಗೆ ಹೋಗಲಿಲ್ಲ, ಅದರಲ್ಲಿ ಏರ್‌ಬ್ಯಾಗ್ ಇದೆ. ರಿಲೇಯ ಕಾಲುಗಳ ಮೇಲೆ 30, 85, 86, 87 ಎಂದು ಬರೆದಿತ್ತು. ಜರ್ಮನಿಯ ಒಂದು ಸ್ಟ್ಯಾಂಡರ್ಡಿನಿಂದ ಬಂದ ಅಂಕಿಗಳು ಇವು. ನನಗೆ ಇವು ಮಗ್ಗಿಯ ಜೊತೆಗೇ ಬಾಯಿಪಾಠವಾದವು: ಮೂವತ್ತಕ್ಕೆ ಬ್ಯಾಟರಿ, ಎಂಬತ್ತೇಳಕ್ಕೆ ಹಾರ್ನ್, ಉಳಿದೆರಡು ಕಾಯಿಲ್. ಅಪ್ಪಾಜಿ ಇಂಗ್ಲಿಷ್ ಓದಿದವರಲ್ಲ, ಆದರೆ ಯಾವ ದೇಶದ ರಿಲೇ ಕೊಟ್ಟರೂ ಕಣ್ಣುಮುಚ್ಚಿ ಕನೆಕ್ಷನ್ ಕೊಡುತ್ತಾರೆ.

ಈ ಸಲ ವಿಡಿಯೋ ಕಾಲ್ ಮಾಡಿದೆ. ಮೊದಲು ಹಳೆಯದನ್ನು ಒಂದನ್ನೇ ಒತ್ತಿಸಿದೆ. ಅಪ್ಪಾಜಿ ನನ್ನ ಮುಖವನ್ನೇ ನೋಡುತ್ತಿದ್ದರು. ಕೇಳಿದ್ದನ್ನು ಮುಖದಿಂದ ಓದಿಕೊಳ್ಳಲು ಎಂದು ಈಗ ತಿಳಿಯಿತು. ನಾನು ಮುಖವನ್ನು ಬದಿಗೆ ತಿರುಗಿಸಿ ಹೊಸ ಜೊತೆಯನ್ನು ಒತ್ತಿಸಿದೆ.

"ಎರಡೈತೆ," ಎಂದರು. ಸ್ವಲ್ಪ ತಡೆದು, "ತಗ್ಗಿಂದು ಚೆನ್ನಾಗೈತೆ. ಇನ್ನೊಂದು ಎಲ್ಲೋ ದೂರದಾಗೈತೆ."

"ದೂರ ಇಲ್ಲ ಅಪ್ಪಾಜಿ, ಎರಡೂ ಪಕ್ಕಪಕ್ಕ ಅದಾವೆ."

ಅವರು ತುಂಬ ಹೊತ್ತು ಸುಮ್ಮನಿದ್ದರು. ಅಮ್ಮ ಬಾಗಿಲ ಬಳಿ ನಿಂತಿದ್ದಳು. "ಹಂಗಾರೆ ಇಲ್ಲಿ ಹೋಗೈತೆ ಅನ್ನು," ಎಂದು ತಮ್ಮ ಎಡಗಿವಿಯನ್ನು ಬೆರಳಿನಿಂದ ತಟ್ಟಿದರು.

ದಾವಣಗೆರೆಯಲ್ಲಿ ಕಿವಿ ಪರೀಕ್ಷೆಗೆ ಗುರುವಾರ ಸಮಯ ಕೊಟ್ಟಿದ್ದಾರೆ. ನಿನ್ನೆ ಮತ್ತೆ ಮಾತಾಡಿದಾಗ ಕಿವಿಗೆ ಹಾಕುವ ಮಿಷನ್ನಿನ ಬಗ್ಗೆ ಅವರ ಮೊದಲ ಪ್ರಶ್ನೆ, ಬ್ಯಾಟರಿ ಎಷ್ಟು ವೋಲ್ಟು ಎಂಬುದು. ಒಂದು ಬಗೆಯದಕ್ಕೆ ಮೆಣಸಿನಕಾಳಿಗಿಂತ ತುಸು ದೊಡ್ಡ ಸೆಲ್ ಬರುತ್ತದೆ, ಸುಮಾರು 1.4 ವೋಲ್ಟು ಎಂದೆ.

"ಅಷ್ಟರಾಗೆ ಏನ್ ಓಡುತ್ತೆ ಪುಟ್ಟಿ," ಎಂದರು. ಹಿಂದಿನಿಂದ ಅಮ್ಮ ಎರಡು ಸಲ ಬಸ್ಸಿನ ಹೊತ್ತು ಹೇಳಿದಳು, ಮೂರನೆಯ ಸಲ ಎದುರಿಗೆ ಬಂದು ಹೇಳಿದಳು.